ಟಿವಿಯಲ್ಲಿ ಒತ್ತಕ್ಷರ ಕಾಣಬೇಕು

ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುವ ಕೆಲಸ ಬಹಳ ಮನೆಗಳಲ್ಲಿ ಕೇಬಲ್ ಚುಚ್ಚುವಲ್ಲಿಗೆ ಮುಗಿಯುತ್ತದೆ. ಚಿತ್ರ ಬಂತು, ಸದ್ದು ಬಂತು, ಆಯಿತು. ಸಿನಿಮಾಗೆ ಅಷ್ಟು ಸಾಕು. ಆದರೆ ಮೈಸೂರು, ಮಂಡ್ಯದ ಕಡೆ ಟಿವಿಯ ಮೇಲೆ ಓದುವ ಕೆಲಸವೂ ಈಗ ನಡೆಯುತ್ತದೆ. ಪಾಲುಪಾರಿಕತ್ತಿನ ಮಾತು ಬಂದಾಗ ಅಣ್ಣತಮ್ಮಂದಿರು ಹಜಾರದಲ್ಲಿ ಕೂತು ಪಹಣಿಯನ್ನೂ ಹಿಸ್ಸಾ ನಕ್ಷೆಯನ್ನೂ ಒಟ್ಟಿಗೆ ನೋಡುತ್ತಾರೆ. ಪತ್ರಿಕೆಯ ಸಣ್ಣ ಅಕ್ಷರ ಕಣ್ಣಿಗೆ ಹಿಡಿಯದ ಅಜ್ಜ ಅಜ್ಜಿಗೆ ಆಂದೋಲನವನ್ನೋ ಮೈಸೂರು ಮಿತ್ರವನ್ನೋ ಇ-ಪೇಪರ್‌ನಲ್ಲಿ ದೊಡ್ಡದು ಮಾಡಿ ತೋರಿಸಬೇಕಾಗುತ್ತದೆ. ಪಿಯುಸಿ ಓದುವವರಿಗೆ ಪಾಠದ ಟಿಪ್ಪಣಿ ಬೇಕು. ಸಿನಿಮಾಗೆ ಸರಿಹೋದ ಸೆಟ್ಟಿಂಗ್ ಇಲ್ಲಿ ಕೈಕೊಡುತ್ತದೆ. ಪಹಣಿಯ 9ನೇ ಕಾಲಂನಲ್ಲಿರುವುದು ಸಿದ್ದೇಗೌಡರೋ ಸಿದ್ಧೇಗೌಡರೋ ಎನ್ನುವುದು ಎಂಟಡಿ ದೂರದಿಂದ ಗೊತ್ತಾಗದಿದ್ದರೆ 43 ಇಂಚಿನ ಪರದೆ ಇದ್ದೂ ಪ್ರಯೋಜನವಿಲ್ಲ.

ಇದು ಪರದೆಯ ಗಾತ್ರದ ತಪ್ಪಲ್ಲ. ಟಿವಿಯನ್ನು ಮಾಡಿರುವುದು ಪ್ರಸಾರದ ಚಿತ್ರವನ್ನು ತಿದ್ದಿ ಚೆಂದಗಾಣಿಸಲಿಕ್ಕೆ. ಅದು ಅಂಚನ್ನು ಕತ್ತರಿಸುತ್ತದೆ, ಗೆರೆಗಳನ್ನು ತೀಡುತ್ತದೆ, ಬಣ್ಣ ಏರಿಸುತ್ತದೆ, ಎರಡು ಫ್ರೇಮುಗಳ ನಡುವೆ ಇಲ್ಲದ ಮೂರನೆಯದನ್ನು ತಾನೇ ಮಾಡಿ ಸೇರಿಸುತ್ತದೆ. ಕಂಪ್ಯೂಟರ್ ಕಳಿಸುವ ಚಿತ್ರಕ್ಕೆ ಇದಾವುದೂ ಬೇಡ, ಪ್ರತಿ ಪಿಕ್ಸೆಲನ್ನೂ, ಅಂದರೆ ಪರದೆಯ ಒಂದೊಂದು ಚುಕ್ಕಿಯನ್ನೂ, ಅದು ಲೆಕ್ಕ ಹಾಕಿಯೇ ಕಳಿಸಿರುತ್ತದೆ. ಟಿವಿ ಮಾಡುವ ಈ ಉಪಕಾರಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದು, ಕಂಪ್ಯೂಟರಿನ ಒಂದು ಪಿಕ್ಸೆಲ್ ಟಿವಿಯ ಒಂದು ಪಿಕ್ಸೆಲ್ ಮೇಲೆಯೇ ಕೂರುವಂತೆ ಮಾಡುವುದನ್ನು ನಾನು ಜೋಡಣೆ ಎನ್ನುತ್ತೇನೆ. ಕೇಬಲ್ ಚುಚ್ಚುವುದು ಅದರ ಮೊದಲ ಹೆಜ್ಜೆ, ಅಷ್ಟೆ.

ಸರಿಯಾಗಿ ಜೋಡಿಸಿದ್ದೇವೆಯೇ ಎಂದು ನೋಡಲು ಕನ್ನಡ ಲಿಪಿಗಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಸೀಳುಗೆರೆ. ಒತ್ತಕ್ಷರವಂತೂ ಮೂಲ ಅಕ್ಷರಕ್ಕಿಂತ ಎಷ್ಟೋ ಚಿಕ್ಕದಾಗಿ ಅದರಡಿಗೆ ಸೇರಿಕೊಂಡಿರುತ್ತದೆ. ಬ್ರೌಸರಿನ ಸಾಮಾನ್ಯವಾದ 16 ಪಿಕ್ಸೆಲ್ ಅಳತೆಯಲ್ಲಿ ಆ ಸೀಳುಗೆರೆಗೆ ಸಿಗುವುದು ಒಂದೋ ಎರಡೋ ಪಿಕ್ಸೆಲ್. ಟಿವಿ ಅದನ್ನು ಅಕ್ಕಪಕ್ಕದ ಪಿಕ್ಸೆಲ್ ಜೊತೆ ಬೆರೆಸಿತೆಂದರೆ ಧ ಹೋಗಿ ದ ಆಗುತ್ತದೆ, ‘ಕೃಷ್ಣ’ದ ಷ ಕೆಳಗಿನ ಣ ಒತ್ತು ಬರೀ ಮಸಿಯಾಗುತ್ತದೆ.

ಹಾಗಾಗಿ ಮೊದಲು ಒಂದು ಪರೀಕ್ಷಾ ಹಾಳೆ ಮಾಡಿಟ್ಟುಕೊಳ್ಳಿ. ಪೇಂಟ್‌ನಲ್ಲಿ ಟಿವಿಯ ಅಳತೆಯದೇ ಒಂದು ಚಿತ್ರ ತೆರೆಯಿರಿ, ಫುಲ್ ಎಚ್‌ಡಿ ಟಿವಿಯಾದರೆ 1920×1080. ನಾಲ್ಕೂ ಅಂಚಿಗೆ ತಾಗಿದಂತೆ ಒಂದೇ ಪಿಕ್ಸೆಲ್ ದಪ್ಪದ ಕೆಂಪು ಚೌಕಟ್ಟು ಎಳೆಯಿರಿ. ನಡುವೆ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಎಂದು ಅಡ್ಡಗೆರೆಗಳ ಒಂದು ಪಟ್ಟಿ, ಹಾಗೆಯೇ ಉದ್ದಗೆರೆಗಳ ಇನ್ನೊಂದು. ನಾಲ್ಕು ಗೆರೆ ಎಳೆದು ನಕಲು ಮಾಡಿ ಅಂಟಿಸುತ್ತ ಹೋದರೆ ಬೇಗ ಮುಗಿಯುತ್ತದೆ. ಕೆಳಗೆ ನಿರ್ಮಲಾ ಯುಐ ಅಥವಾ ತುಂಗಾ ಫಾಂಟ್‌ನಲ್ಲಿ ಸಣ್ಣಗೆ ‘ದನ ಧನ, ಬಾರ ಭಾರ, ಶ್ರೀರಂಗಪಟ್ಟಣ, ಕೃಷ್ಣರಾಜಸಾಗರ’ ಎಂದು ಮೂರು ಸಲ ಬರೆಯಿರಿ: ಬಿಳಿ ಮೇಲೆ ಕಪ್ಪು, ನೀಲಿ ಮೇಲೆ ಕೆಂಪು, ಬೂದು ಮೇಲೆ ಗುಲಾಬಿ. ಉಳಿಸುವಾಗ ಪಿಎನ್‌ಜಿ ಆಗಿಯೇ ಉಳಿಸಬೇಕು. ಜೆಪೆಗ್ ಮಾಡಿದರೆ ಆ ಕಡತವೇ ಬಣ್ಣದ ವಿವರವನ್ನು ಕಡಿಮೆ ಮಾಡಿಬಿಡುತ್ತದೆ, ಆಮೇಲೆ ತಪ್ಪು ಟಿವಿಯದೋ ಕಡತದ್ದೋ ತಿಳಿಯುವುದಿಲ್ಲ. ನೋಡುವಾಗ ವಿಂಡೋಸ್‌ನ ಸ್ಕೇಲ್ 100% ಇರಲಿ, ಚಿತ್ರ ಪೂರ್ತಿ ಪರದೆಯಲ್ಲಿ ಮೂಲ ಗಾತ್ರದಲ್ಲಿರಲಿ.

ಇನ್ನು ಕೇಬಲ್. ಚಿತ್ರವನ್ನೂ ಸದ್ದನ್ನೂ ಒಟ್ಟಿಗೆ ಒಯ್ಯುವ ಎಚ್‌ಡಿಎಂಐನ ಮೊದಲ ಆವೃತ್ತಿ ಬಂದದ್ದು 2002ರ ಡಿಸೆಂಬರಿನಲ್ಲಿ. ಅಂದಿನ 19 ಪಿನ್ನಿನ ಅದೇ ಮೂತಿ ಇಂದಿಗೂ ಇದೆ. ಇದು ದೊಡ್ಡ ಅನುಕೂಲ, ಜೊತೆಗೆ ದೊಡ್ಡ ಗೊಂದಲ ಕೂಡ, ಯಾಕೆಂದರೆ ಪೋರ್ಟ್ ನೋಡಿ ಅದರ ಸಾಮರ್ಥ್ಯ ಹೇಳಲು ಬರುವುದಿಲ್ಲ. 2009ರ 1.4 ಆವೃತ್ತಿ 4ಕೆ (3840×2160 ಪಿಕ್ಸೆಲ್) ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು, 2013ರ 2.0 ಆವೃತ್ತಿ 60 ಸಲ. 2017ರ 2.1 ಅದಕ್ಕೂ ಮೇಲೆ. ಕೇಬಲ್ ಕೊಳ್ಳುವಾಗ ಆವೃತ್ತಿಯ ಸಂಖ್ಯೆಗಿಂತ ವೇಗದ ಹೆಸರು ನೋಡಿ. ‘ಹೈ ಸ್ಪೀಡ್’ ಎಂದರೆ ಸೆಕೆಂಡಿಗೆ 10.2 ಗಿಗಾಬಿಟ್, ‘ಪ್ರೀಮಿಯಂ ಹೈ ಸ್ಪೀಡ್’ ಎಂದರೆ 18, ‘ಅಲ್ಟ್ರಾ ಹೈ ಸ್ಪೀಡ್’ ಎಂದರೆ 48. ಫುಲ್ ಎಚ್‌ಡಿ 60 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 60 ಸಲಕ್ಕೆ, ಬೇಕಾದದ್ದು 4.5ಕ್ಕೂ ಕಡಿಮೆ, 4ಕೆ 60ಕ್ಕೆ ಸುಮಾರು 17.8. ದೇವರಾಜ ಅರಸು ರಸ್ತೆಯಲ್ಲಾಗಲಿ ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ ಅಂಗಡಿಯವರು ಚಿನ್ನದ ಲೇಪದ ದುಬಾರಿ ಕೇಬಲ್ ಮುಂದಿಟ್ಟರೆ, ಅದರಿಂದ ಚಿತ್ರ ಹೆಚ್ಚು ಚೆಂದವಾಗುವುದಿಲ್ಲ ಎಂದು ತಿಳಿದಿರಲಿ. ಡಿಜಿಟಲ್ ಸಂಕೇತ ತಲುಪಿದರೆ ಇದ್ದ ಹಾಗೇ ತಲುಪುತ್ತದೆ. ಕೇಬಲ್ ಸೋತರೆ ಚಿತ್ರದಲ್ಲಿ ಬಿಳಿ ಕಿಡಿಗಳು ಮಿನುಗುತ್ತವೆ, ಇಲ್ಲವೇ ಪರದೆ ಒಂದೆರಡು ಕ್ಷಣ ಕಪ್ಪಾಗಿ ಮತ್ತೆ ಬರುತ್ತದೆ. ಒಟ್ಟಾರೆ ಮಸುಕು ಕೇಬಲಿನ ದೋಷವಲ್ಲ, ಅದನ್ನು ಸೆಟ್ಟಿಂಗ್‌ನಲ್ಲಿ ಹುಡುಕಬೇಕು.

ಎರಡು ಮೀಟರಿನ ಕೇಬಲ್ ಎಲ್ಲಕ್ಕೂ ನಿಶ್ಚಿಂತೆ. ಐದು ಮೀಟರ್ ದಾಟಿದರೆ 4ಕೆ 60 ಅನುಮಾನ. ಅದಕ್ಕೂ ಉದ್ದ ಬೇಕಿದ್ದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತನ್ನಿ. ಅದಕ್ಕೆ ದಿಕ್ಕು ಇರುತ್ತದೆ: ‘ಸೋರ್ಸ್’ ಎಂದು ಬರೆದ ತುದಿ ಕಂಪ್ಯೂಟರಿಗೆ, ‘ಡಿಸ್‌ಪ್ಲೇ’ ಎಂದು ಬರೆದ ತುದಿ ಟಿವಿಗೆ. ತಿರುಗಾ ಮುರುಗಾ ಹಾಕಿದರೆ ಚಿತ್ರವೇ ಬರುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಇಲ್ಲದೆ ಯುಎಸ್‌ಬಿ-ಸಿ ಮಾತ್ರ ಇದ್ದರೆ ಒಂದು ವಿಚಾರ ಖಚಿತ ಮಾಡಿಕೊಂಡೇ ದುಡ್ಡು ಕೊಡಿ. ಆ ಪೋರ್ಟ್ ಇದ್ದ ಮಾತ್ರಕ್ಕೆ ಚಿತ್ರ ಹೊರಬರುವುದಿಲ್ಲ. ಅದರ ಒಳಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಇರಬೇಕು, ಅಂದರೆ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಚಿತ್ರಸಂಕೇತವನ್ನು ಅದೇ ಮೂತಿಯಿಂದ ಕಳಿಸುವ ಸೌಲಭ್ಯ. ಪಕ್ಕದಲ್ಲಿ ಡಿ ಮತ್ತು ಪಿ ಸೇರಿದ ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ದರೆ ಸರಿ. ಇಲ್ಲದಿದ್ದರೆ ಆ ಮಾದರಿಯ ಕೈಪಿಡಿ ನೋಡಬೇಕು. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಡೇಟಾಗೆ ಮಾತ್ರ ಇರುವ ಪೋರ್ಟ್. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲನ್ನು ಎದುರು ದಿಕ್ಕಿನಲ್ಲಿ ಬಳಸಲು ಆಗುವುದಿಲ್ಲ ಎನ್ನುವುದೂ ನೆನಪಿರಲಿ.

ಹಳೆಯ ಲ್ಯಾಪ್‌ಟಾಪಿನ ನೀಲಿ ಬಣ್ಣದ 15 ಪಿನ್ನಿನ ವಿಜಿಎ 1987ರದು. ಅದು ಅನಲಾಗ್. ಅದನ್ನು ಎಚ್‌ಡಿಎಂಐಗೆ ತಿರುಗಿಸಲು ಬರಿಯ ಕೇಬಲ್ ಸಾಲದು, ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು. ಅದಕ್ಕೆ ಯುಎಸ್‌ಬಿಯಿಂದ ಕರೆಂಟ್, ಇಯರ್‌ಫೋನ್ ಜ್ಯಾಕಿನಿಂದ ಸದ್ದು ಕೊಡಬೇಕು. ಒಂದು ಮೂತಿ ವಿಜಿಎ, ಇನ್ನೊಂದು ಎಚ್‌ಡಿಎಂಐ ಇದ್ದು ನಡುವೆ ಬರಿಯ ತಂತಿ ಇರುವ ಕೇಬಲುಗಳೂ ಮಾರಾಟದಲ್ಲಿವೆ. ಅವು ನಮ್ಮ ಕೆಲಸಕ್ಕೆ ಬಾರವು. ಟಿವಿಯ ಹಿಂದೆ ‘ಪಿಸಿ ಇನ್’ ಎಂಬ ವಿಜಿಎ ಪೋರ್ಟ್ ಇದ್ದರೆ ಕನ್ವರ್ಟರ್ ಬಿಟ್ಟು ಅದನ್ನೇ ಬಳಸಿ, ರಿಮೋಟಿನಲ್ಲಿ ‘ಆಟೊ ಅಡ್ಜಸ್ಟ್’ ಒಂದು ಸಲ ಒತ್ತಿದರೆ ಚಿತ್ರ ತನ್ನ ಜಾಗಕ್ಕೆ ಕೂರುತ್ತದೆ.

ಜೋಡಿಸುವ ಕ್ರಮಕ್ಕೂ ಕಾರಣವಿದೆ. ಎರಡೂ ಆಫ್ ಇರುವಾಗ ಕೇಬಲ್ ಹಾಕಿ. ಮೊದಲು ಟಿವಿ ಆನ್ ಮಾಡಿ, ರಿಮೋಟಿನಲ್ಲಿ ಸರಿಯಾದ ಎಚ್‌ಡಿಎಂಐ ಸಂಖ್ಯೆ ಆರಿಸಿ, ಆಮೇಲೆ ಕಂಪ್ಯೂಟರ್ ಆನ್ ಮಾಡಿ. ಚಿತ್ರ ಕಳಿಸುವ ಮುಂಚೆ ಕಂಪ್ಯೂಟರ್ ‘ನೀನು ಯಾವ ಅಳತೆಗಳನ್ನು ತೋರಿಸಬಲ್ಲೆ’ ಎಂದು ಟಿವಿಯನ್ನು ಕೇಳುತ್ತದೆ. ಟಿವಿಯ ಉತ್ತರಕ್ಕೆ ಇಡಿಐಡಿ ಎಂದು ಹೆಸರು, ಅದು ಬರುವುದು 15 ಮತ್ತು 16ನೇ ಪಿನ್ನುಗಳಲ್ಲಿ. 19ನೇ ಪಿನ್ ಟಿವಿ ಅಲ್ಲಿದೆ ಎಂದು ತಿಳಿಸುತ್ತದೆ. ಈ ಮಾತುಕತೆ ಕೆಟ್ಟರೆ ‘ನೋ ಸಿಗ್ನಲ್’ ಬರುತ್ತದೆ, ಇಲ್ಲವೇ ಚಿತ್ರ 1024×768ಕ್ಕೆ ಕುಗ್ಗಿ ಚೌಕವಾಗಿ ನಿಲ್ಲುತ್ತದೆ. ಆಗ ಕೇಬಲ್ ತೆಗೆದು ಹಾಕಿ, ಟಿವಿಯ ಬೇರೆ ಎಚ್‌ಡಿಎಂಐ ಪೋರ್ಟ್ ನೋಡಿ, ಟಿವಿಯನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ ಒಂದು ನಿಮಿಷ ಬಿಟ್ಟು ಹಾಕಿ. ರಿಮೋಟಿನಿಂದ ಆರಿಸಿದರೆ ಟಿವಿ ಪೂರ್ತಿ ಆರಿರುವುದಿಲ್ಲ. ಇಷ್ಟಾದರೂ ಕಪ್ಪು ಎಂದಾದರೆ ವಿಂಡೋಸ್ ಕೀ ಒತ್ತಿ ಹಿಡಿದು ಪಿ ಒತ್ತಿ.

ಅಲ್ಲಿ ಬರುವ ನಾಲ್ಕು ಆಯ್ಕೆಗಳಲ್ಲಿ ಬಹಳ ಮಂದಿ ‘ಡೂಪ್ಲಿಕೇಟ್’ ಆರಿಸುತ್ತಾರೆ. ಓದುವುದಕ್ಕೆ ಅದು ಸರಿಯಲ್ಲ. ಲ್ಯಾಪ್‌ಟಾಪಿನ ಪರದೆ 1366×768 ಆಗಿದ್ದರೆ ಟಿವಿಗೂ ಅದೇ ಸಣ್ಣ ಚಿತ್ರ ಹೋಗಿ ಹಿಗ್ಗುತ್ತದೆ. ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿದರೆ ಟಿವಿ ತನ್ನ ಸ್ವಂತ ಅಳತೆಯನ್ನು ಪಡೆಯುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ರೆಕಮೆಂಡೆಡ್’ ಎಂದು ಇರುವುದು ಸಾಮಾನ್ಯವಾಗಿ ಅದೇ.

ಈಗ ಪರೀಕ್ಷಾ ಹಾಳೆ ತೆರೆಯಿರಿ. ಕೆಂಪು ಚೌಕಟ್ಟು ನಾಲ್ಕೂ ಕಡೆ ಕಾಣುತ್ತಿದೆಯೇ? ಇಲ್ಲವಾದರೆ ಓವರ್‌ಸ್ಕ್ಯಾನ್ ನಡೆಯುತ್ತಿದೆ. ಹಿಂದಿನ ಡಬ್ಬಾ ಟಿವಿಗಳಲ್ಲಿ ಚಿತ್ರದ ಅಂಚು ನೇರ ನಿಲ್ಲುತ್ತಿರಲಿಲ್ಲ, ಅದಕ್ಕೇ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಮರೆಸುತ್ತಿದ್ದರು. ಆ ಪದ್ಧತಿ ಎಲ್‌ಇಡಿ ಟಿವಿಗಳಲ್ಲೂ ಉಳಿದುಬಂದಿದೆ. ಇದರಿಂದ ಟಾಸ್ಕ್‌ಬಾರ್ ಅರ್ಧ ಮುಚ್ಚಿಹೋಗುವುದು ಕಣ್ಣಿಗೆ ಬೀಳುವ ತೊಂದರೆ. ಕಣ್ಣಿಗೆ ಬೀಳದ ದೊಡ್ಡ ತೊಂದರೆ ಏನೆಂದರೆ ಪ್ರತಿಯೊಂದು ಪಿಕ್ಸೆಲೂ ಹಿಗ್ಗಿ ಪಕ್ಕದ್ದರ ಮೇಲೆ ಹರಿಯುತ್ತದೆ, ಇಡೀ ಪುಟದ ಅಕ್ಷರ ಮೆತ್ತಗಾಗುತ್ತದೆ. ಇದನ್ನು ಟಿವಿಯಲ್ಲೇ ಸರಿಪಡಿಸಬೇಕು. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’ ಅಥವಾ ‘ಫಿಟ್ ಟು ಸ್ಕ್ರೀನ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’, ಬೇರೆ ಕೆಲವದರಲ್ಲಿ ‘ಡಾಟ್ ಬೈ ಡಾಟ್’. ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಷಿಯೊ ಎಂಬ ಮೆನುವಿನೊಳಗೆ ಇರುತ್ತದೆ. ಕಂಪ್ಯೂಟರಿನ ಗ್ರಾಫಿಕ್ಸ್ ತಂತ್ರಾಂಶದಲ್ಲೂ ಚಿತ್ರವನ್ನು ಕುಗ್ಗಿಸುವ ಗುಂಡಿ ಇದೆ, ಅದನ್ನು ಮುಟ್ಟಬೇಡಿ. ಅಲ್ಲಿ ಕುಗ್ಗಿಸಿ ಇಲ್ಲಿ ಹಿಗ್ಗಿಸಿದರೆ ಚೌಕಟ್ಟು ಕಾಣುತ್ತದೆ ನಿಜ, ಅಕ್ಷರ ಎರಡು ಸಲ ಕೆಡುತ್ತದೆ. ಎಎಂಡಿ ಗ್ರಾಫಿಕ್ಸ್ ಇರುವ ಕೆಲವು ಕಂಪ್ಯೂಟರುಗಳಲ್ಲಿ ಚಿತ್ರದ ಸುತ್ತ ಕಪ್ಪು ಪಟ್ಟಿ ಬರುವುದು ಆ ಕುಗ್ಗಿಸುವಿಕೆ ಮೊದಲೇ ಆನ್ ಇರುವುದರಿಂದ. ‘ಎಚ್‌ಡಿಎಂಐ ಸ್ಕೇಲಿಂಗ್’ ಎಂಬುದನ್ನು ಸೊನ್ನೆಗೆ ತಂದರೆ ಹೋಗುತ್ತದೆ.

ಚೌಕಟ್ಟು ಕಂಡಮೇಲೆ ಗೆರೆಗಳ ಪಟ್ಟಿ ನೋಡಿ. ಹತ್ತಿರ ಹೋಗಿ ನೋಡಿದರೆ ಒಂದೊಂದು ಗೆರೆಯೂ ಬಿಡಿಬಿಡಿಯಾಗಿ, ದೂರದಿಂದ ಒಂದೇ ಸಮನಾದ ಬೂದಾಗಿ ಕಂಡರೆ ಪಿಕ್ಸೆಲ್‌ಗೆ ಪಿಕ್ಸೆಲ್ ಕೂತಿದೆ. ಅಲೆಅಲೆಯಾಗಿ ದಟ್ಟ, ತಿಳಿ ಪಟ್ಟೆ ಕಂಡರೆ ಎಲ್ಲೋ ಇನ್ನೂ ಹಿಗ್ಗುಕುಗ್ಗು ನಡೆಯುತ್ತಿದೆ.

32 ಇಂಚಿನ ‘ಎಚ್‌ಡಿ ರೆಡಿ’ ಟಿವಿಗಳ ಸಂಕಟ ಇದು. ಅವುಗಳ ಪ್ಯಾನಲ್ 1366×768. ಆದರೆ ಎಚ್‌ಡಿಎಂಐನಲ್ಲಿ ಅವು ಹಲವು ಸಲ 1280×720 ಮತ್ತು 1920×1080 ಎರಡನ್ನೇ ಒಪ್ಪುತ್ತವೆ, ಎರಡೂ ಅವುಗಳ ಸ್ವಂತ ಅಳತೆಯಲ್ಲ. 1080 ಕಳಿಸಿದರೆ ಟಿವಿ ಅದನ್ನು ಕುಗ್ಗಿಸುವಾಗ ಒಂದು ಪಿಕ್ಸೆಲಿನ ಗೆರೆಗಳು ನುಂಗಿಹೋಗುತ್ತವೆ, ಮೊದಲು ಹೋಗುವುದೇ ನಮ್ಮ ಮಹಾಪ್ರಾಣದ ಸೀಳು. ಪಟ್ಟಿಯಲ್ಲಿ 1366×768 ಅಥವಾ 1360×768 ಇದ್ದರೆ ಕಣ್ಣುಮುಚ್ಚಿ ಅದನ್ನು ಆರಿಸಿ. ಇಲ್ಲದಿದ್ದರೆ ಇಂಟೆಲ್ ಅಥವಾ ಎನ್‌ವಿಡಿಯಾ ತಂತ್ರಾಂಶದಲ್ಲಿ ಆ ಅಳತೆಯನ್ನು ಕೈಯಾರೆ ಸೇರಿಸಿ ನೋಡಿ. ಅದೂ ಆಗದಿದ್ದರೆ ಓದಲು 1080ಕ್ಕಿಂತ 720ನ್ನೇ ನಾನು ಆರಿಸುತ್ತೇನೆ. ಸ್ವಲ್ಪ ಮೆತ್ತಗಾದರೂ ಯಾವ ಗೆರೆಯೂ ಕಳೆದುಹೋಗುವುದಿಲ್ಲ. ಪಟ್ಟಿಯಲ್ಲಿ ‘ಇಂಟರ್‌ಲೇಸ್ಡ್’ ಎಂದಿರುವುದನ್ನು ಆರಿಸಲೇಬೇಡಿ. ಅದರಲ್ಲಿ ಬೆಸ ಸಾಲು ಒಮ್ಮೆ, ಸಮ ಸಾಲು ಒಮ್ಮೆ ಬರುವುದರಿಂದ ಪ್ರತಿ ಅಕ್ಷರದ ತಲೆಕಟ್ಟೂ ನಡುಗುತ್ತದೆ.

ಬಿಳಿ ಮೇಲಿನ ಕಪ್ಪು ಅಕ್ಷರ ಚೊಕ್ಕವಾಗಿದ್ದು, ನೀಲಿ ಮೇಲಿನ ಕೆಂಪು ಅಕ್ಷರ ಮಾತ್ರ ಕಲಸಿಹೋಗಿದ್ದರೆ ಅದು ಬೇರೆಯೇ ಕಾಯಿಲೆ. ಇದನ್ನು ಗುರುತಿಸದೆ ಎಷ್ಟೋ ಜನ ಕೇಬಲ್ ಬದಲಾಯಿಸುತ್ತಾರೆ, ಟಿವಿಯನ್ನೇ ಬದಲಾಯಿಸುತ್ತಾರೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಸೂಕ್ಷ್ಮವಾಗಿ, ಬಣ್ಣದ ಏರಿಳಿತವನ್ನು ಒರಟಾಗಿ ಹಿಡಿಯುತ್ತದೆ. ಇದನ್ನು ಬಳಸಿಕೊಂಡು ವಿಡಿಯೊದಲ್ಲಿ ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗೆ ಒಂದೇ ಸಲ ದಾಖಲಿಸುತ್ತಾರೆ. ಇದು 4:2:0. ಎರಡು ಪಿಕ್ಸೆಲ್‌ಗೆ ಒಂದು ಬಣ್ಣವಾದರೆ 4:2:2, ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣವಾದರೆ 4:4:4. ರಂಗೋಲಿಯಲ್ಲಿ ಎಳೆಯನ್ನು ಚಿಟಿಕೆಯಲ್ಲಿ ಬಿಟ್ಟು ಬಣ್ಣವನ್ನು ಹಿಡಿಯಲ್ಲಿ ತುಂಬಿದ ಹಾಗೆ. ಮುಖ, ಆಕಾಶ, ಮರಗಿಡಕ್ಕೆ ಈ ಲೆಕ್ಕ ಚೆನ್ನಾಗಿಯೇ ಹೊಂದುತ್ತದೆ. ಒಂದು ಪಿಕ್ಸೆಲ್ ದಪ್ಪದ ಕೆಂಪು ಒತ್ತಕ್ಷರಕ್ಕೆ ಹೊಂದುವುದಿಲ್ಲ, ಅದರ ಬಣ್ಣ ಪಕ್ಕದ ಮೂರು ಪಿಕ್ಸೆಲಿಗೂ ಹರಡುತ್ತದೆ. ಇ-ಪೇಪರಿನ ಕೆಂಪು ತಲೆಬರಹ, ಸ್ಪ್ರೆಡ್‌ಶೀಟಿನ ಬಣ್ಣದ ಸಾಲು, ಸ್ಲೈಡಿನ ನೀಲಿ ಬರಹ ಓದಲಾಗದೆ ಹೋಗುವುದು ಇದರಿಂದ.

ವಿಚಿತ್ರವೆಂದರೆ ಕಂಪ್ಯೂಟರ್ 4:4:4 ಕಳಿಸಿದರೂ ಟಿವಿ ತನ್ನ ಸಂಸ್ಕರಣೆಯ ಅನುಕೂಲಕ್ಕೆ ಅದನ್ನು ಒಳಗೇ 4:2:2ಕ್ಕೆ ಇಳಿಸಿಕೊಳ್ಳಬಹುದು. ಇದನ್ನು ತಡೆಯುವ ದಾರಿ ರಿಮೋಟಿನಲ್ಲೇ ಇದೆ. ಇನ್‌ಪುಟ್ ಪಟ್ಟಿಯಲ್ಲಿ ಆ ಎಚ್‌ಡಿಎಂಐನ ಹೆಸರನ್ನೋ ಚಿಹ್ನೆಯನ್ನೋ ‘ಪಿಸಿ’ ಎಂದು ಬದಲಾಯಿಸಿ. ಸ್ಯಾಮ್‌ಸಂಗ್, ಎಲ್‌ಜಿಗಳಲ್ಲಿ ಇದು ಹೆಸರಿನ ಬದಲಾವಣೆ ಮಾತ್ರವಲ್ಲ, ಟಿವಿಯ ನಡವಳಿಕೆಯೇ ಬದಲಾಗುತ್ತದೆ. ಬದಲಾಯಿಸಿದ ಕ್ಷಣವೇ ನೀಲಿ ಮೇಲಿನ ಕೆಂಪು ‘ಶ್ರೀರಂಗಪಟ್ಟಣ’ ಬಿಡಿಸಿದಂತೆ ಕಾಣುತ್ತದೆ. ಸೋನಿಯಲ್ಲಿ ಗ್ರಾಫಿಕ್ಸ್ ಅಥವಾ ಗೇಮ್ ಪಿಕ್ಚರ್ ಮೋಡ್ ಈ ಕೆಲಸ ಮಾಡುತ್ತದೆ. ಕಂಪ್ಯೂಟರಿನ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಬಣ್ಣದ ಸ್ವರೂಪ ಆರ್‌ಜಿಬಿ ಎಂದೇ ಇರಲಿ. 4ಕೆ ಟಿವಿಯಾದರೆ ಇನ್ನೊಂದು ಬಾಗಿಲು ತೆಗೆಯಬೇಕು, ಅದು ಹಲವು ಟಿವಿಗಳಲ್ಲಿ ಮೊದಲಿಗೆ ಮುಚ್ಚಿಯೇ ಇರುತ್ತದೆ: ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’ ಅಥವಾ ‘ಎಚ್‌ಡಿಎಂಐ ಯುಎಚ್‌ಡಿ ಕಲರ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಅಲ್ಟ್ರಾ ಎಚ್‌ಡಿ ಡೀಪ್ ಕಲರ್’, ಸೋನಿಯಲ್ಲಿ ‘ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್’. ಇದು ಆಫ್ ಇದ್ದರೆ 4ಕೆ 60 ಹರ್ಟ್ಜ್ ಬಂದರೂ 4:2:0 ಆಗಿಯೇ ಬರುತ್ತದೆ.

ಬಣ್ಣದ ಜೊತೆಗೇ ಕಪ್ಪಿನ ವಿಚಾರ. ಬೆಳಕಿನ ಮಟ್ಟವನ್ನು 0ಯಿಂದ 255ರವರೆಗಿನ ಸಂಖ್ಯೆಯಲ್ಲಿ ಹೇಳುವಾಗ, ಟಿವಿ ಲೋಕದಲ್ಲಿ ಕಪ್ಪು ಎಂದರೆ 16, ಬಿಳಿ ಎಂದರೆ 235. ಕಂಪ್ಯೂಟರಿನಲ್ಲಿ 0 ಮತ್ತು 255. ಇಬ್ಬರೂ ಒಂದೇ ಲೆಕ್ಕ ಹಿಡಿಯದಿದ್ದರೆ ಕಪ್ಪು ಬೂದಿಯಂತೆ ಕಾಣುತ್ತದೆ, ಇಲ್ಲವೇ ಕತ್ತಲ ವಿವರವೆಲ್ಲ ಮುಳುಗಿಹೋಗುತ್ತದೆ. ಪಹಣಿಯ ಸ್ಕ್ಯಾನ್ ಮಾಡಿದ ಹಳೆಯ ಕಡತಗಳಲ್ಲಿ ಮಾಸಿದ ಶಾಯಿ ಕಾಣದಿರುವುದಕ್ಕೆ ಇದೂ ಒಂದು ಕಾರಣ. ಕಂಪ್ಯೂಟರಿನಲ್ಲಿ ‘ಫುಲ್ ರೇಂಜ್’ ಇಟ್ಟು, ಟಿವಿಯ ‘ಬ್ಲ್ಯಾಕ್ ಲೆವೆಲ್’ ಅಥವಾ ‘ವಿಡಿಯೊ ರೇಂಜ್’ ಬದಲಿಸಿ ನೋಡಿ, ಯಾವುದು ಸರಿ ಎಂಬುದು ಕಣ್ಣಿಗೇ ತಿಳಿಯುತ್ತದೆ. ಶಾರ್ಪ್‌ನೆಸ್ ಇಳಿಸಿ. ಹಲವು ಟಿವಿಗಳಲ್ಲಿ ಸೊನ್ನೆಯೇ ಸರಿ, ಸೋನಿಯಲ್ಲಿ ಚಿತ್ರವನ್ನು ತಿದ್ದದೆ ಬಿಡುವ ಮಟ್ಟ 50. ಹೆಚ್ಚು ಶಾರ್ಪ್‌ನೆಸ್ ಇದ್ದರೆ ಅಕ್ಷರದ ಸುತ್ತ ಬಿಳಿ ಅಂಚು ಮೂಡಿ ಒತ್ತಿನ ಸಂದು ಮುಚ್ಚಿಹೋಗುತ್ತದೆ. ನಾಯ್ಸ್ ರಿಡಕ್ಷನ್, ಡೈನಾಮಿಕ್ ಕಾಂಟ್ರಾಸ್ಟ್, ಮೋಷನ್ ಎಂಬ ಹೆಸರಿನವೆಲ್ಲ ಆಫ್. ಮೌಸ್ ಎಳೆದರೆ ಬಾಣ ತಡವಾಗಿ ಹಿಂದೆ ಬರುವ ಕಾಟವೂ ಇವನ್ನು ಆಫ್ ಮಾಡಿದ ಮೇಲೆ ಕಡಿಮೆಯಾಗುತ್ತದೆ. ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ಛಾಯೆ ಉಳಿದಿದ್ದರೆ ವಿಂಡೋಸ್ ಹುಡುಕಾಟದಲ್ಲಿ ‘ಕ್ಲಿಯರ್‌ಟೈಪ್’ ಎಂದು ಬರೆದು, ಬರುವ ಮಾದರಿಗಳಲ್ಲಿ ಚೊಕ್ಕವಾದದ್ದನ್ನು ಆರಿಸುತ್ತ ಹೋಗಿ. ಕೆಲವು ಟಿವಿ ಪ್ಯಾನಲುಗಳಲ್ಲಿ ಬಣ್ಣದ ಪಟ್ಟಿಗಳ ಕ್ರಮ ತಿರುಗಾಮುರುಗಾ ಇರುವುದು ಇದಕ್ಕೆ ಕಾರಣ.

4ಕೆ ಬೇಕೇ ಬೇಕೇ? ಲೆಕ್ಕ ಹಾಕಿ ನೋಡೋಣ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. ಫುಲ್ ಎಚ್‌ಡಿಯಲ್ಲಿ ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರ್, 4ಕೆಯಲ್ಲಿ ಕಾಲು ಮಿಲಿಮೀಟರ್. ಒಳ್ಳೆಯ ಕಣ್ಣು ಎಂಟಡಿ ದೂರದಿಂದ ಬಿಡಿಸಿ ನೋಡಬಲ್ಲದ್ದು ಸುಮಾರು 0.7 ಮಿಲಿಮೀಟರ್. ಅಂದರೆ ಸೋಫಾದಲ್ಲಿ ಕೂತು ಓದುವವರಿಗೆ ಆ ಗಾತ್ರದಲ್ಲಿ ಫುಲ್ ಎಚ್‌ಡಿಯೇ ಸಾಕು, ಮೂರಡಿ ದೂರದ ಮೇಜಿನಲ್ಲಿ ಕೂತು ಕೆಲಸ ಮಾಡುವವರಿಗೆ 4ಕೆ ಬೇಕು. ಹಳೆಯ ಲ್ಯಾಪ್‌ಟಾಪು 4ಕೆಯನ್ನು 30 ಹರ್ಟ್ಜ್‌ನಲ್ಲಿ ಮಾತ್ರ ಕೊಡುತ್ತಿದ್ದರೆ ಅದರ ಮೋಹ ಬಿಟ್ಟು 1080ರಲ್ಲಿ 60 ಇಡಿ. ಪುಟ ಸರಿಸುವಾಗ ಅಕ್ಷರ ಕುಣಿಯುವುದು ನಿಲ್ಲುತ್ತದೆ.

ದೂರದಿಂದ ಓದಲು ಬೇಕಿರುವುದು ಹೆಚ್ಚು ಪಿಕ್ಸೆಲ್ ಅಲ್ಲ, ದೊಡ್ಡ ಅಕ್ಷರ. ಕೂರುವ ದೂರದ ಇನ್ನೂರನೇ ಒಂದು ಭಾಗದಷ್ಟು ಅಕ್ಷರದ ಎತ್ತರ ಇದ್ದರೆ ಕಣ್ಣಿಗೆ ಹಿತ. ಎಂಟಡಿಗೆ ಅದು 12 ಮಿಲಿಮೀಟರ್, ಒತ್ತು ಬಿಟ್ಟು. 43 ಇಂಚಿನ ಫುಲ್ ಎಚ್‌ಡಿಯಲ್ಲಿ ಬ್ರೌಸರ್ ಅಕ್ಷರ ಇದರ ಅರ್ಧವೂ ಇರುವುದಿಲ್ಲ, ಹಾಗಾಗಿ ಕಂಟ್ರೋಲ್ ಒತ್ತಿ ಪ್ಲಸ್ ಒತ್ತುತ್ತ 250%ವರೆಗೆ ಹೋಗಬೇಕು. ಪಹಣಿ ಅಗಲದ ಕಾಗದ, ಅಷ್ಟು ದೊಡ್ಡದು ಮಾಡಿದರೆ ಒಂದು ಸಲಕ್ಕೆ ಒಂದೆರಡು ಕಾಲಂ ಕಾಣುತ್ತದೆ. ಹೆಸರಿರುವ 9ನೇ ಕಾಲಂ ಮುಗಿಸಿ, ಸಾಲ ಮತ್ತು ಋಣಗಳ 11ಕ್ಕೆ ನಿಧಾನವಾಗಿ ಸರಿಸಿಕೊಂಡು ಹೋದರೆ ಮನೆಯವರೆಲ್ಲರೂ ಓದಬಲ್ಲರು.

ವಿಡಿಯೊಗೂ ಒಂದು ಮಾತು. ನಮ್ಮ ದೇಶದ ಪ್ರಸಾರ 50 ಹರ್ಟ್ಜ್ ಪದ್ಧತಿಯದು, ಕಂಪ್ಯೂಟರಿನದು 60. ಜಂಬೂಸವಾರಿಯ ನೇರಪ್ರಸಾರ ಯೂಟ್ಯೂಬಿನಲ್ಲಿ 25 ಅಥವಾ 50 ಫ್ರೇಮಿನಲ್ಲಿ ಬರುತ್ತಿದ್ದರೆ, ಕ್ಯಾಮೆರಾ ಬನ್ನಿಮಂಟಪದ ರಸ್ತೆಯುದ್ದಕ್ಕೂ ತಿರುಗುವಾಗ ಆನೆಯ ನಡಿಗೆ ಕುಕ್ಕಿಕುಕ್ಕಿ ಕಾಣುತ್ತದೆ. ವಿಡಿಯೊ ಮೇಲೆ ಬಲಗುಂಡಿ ಒತ್ತಿ ‘ಸ್ಟಾಟ್ಸ್ ಫಾರ್ ನರ್ಡ್ಸ್’ ನೋಡಿ. 25 ಅಥವಾ 50 ಎಂದಿದ್ದರೆ ವಿಂಡೋಸಿನ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ಯಲ್ಲಿ ರಿಫ್ರೆಶ್ ರೇಟನ್ನು 50ಕ್ಕೆ ಇಳಿಸಿದರೆ ಸರಾಗವಾಗುತ್ತದೆ.

ಸದ್ದು ಬರದಿದ್ದರೆ ಮೊದಲು ಟಾಸ್ಕ್‌ಬಾರಿನ ಸ್ಪೀಕರ್ ಚಿಹ್ನೆ ಒತ್ತಿ ಟಿವಿಯ ಹೆಸರು ಆರಿಸಿ. ಹೆಸರೇ ಇಲ್ಲದಿದ್ದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಹಾಕಬೇಕು, ಎಚ್‌ಡಿಎಂಐ ಸದ್ದಿನ ಡ್ರೈವರ್ ಅದರ ಜೊತೆಗೇ ಬರುತ್ತದೆ. ವಿಡಿಯೊ ಕರೆಯ ಆ್ಯಪ್‌ಗಳಿಗೆ ಅವುಗಳದೇ ಸ್ಪೀಕರ್ ಆಯ್ಕೆ ಇದೆ, ಅಲ್ಲೂ ಬದಲಿಸಬೇಕು. ಹೊರದೇಶದ ಮಕ್ಕಳ ಜೊತೆ ಮಾತಾಡುವಾಗ ಲ್ಯಾಪ್‌ಟಾಪಿನ ಕ್ಯಾಮೆರಾ ಪಕ್ಕದಲ್ಲಿದ್ದರೆ ಅಪ್ಪ ಅಮ್ಮ ಬೇರೆಲ್ಲೋ ನೋಡುತ್ತಿರುವಂತೆ ಅವರಿಗೆ ಕಾಣುತ್ತದೆ. ಬಿಡಿ ವೆಬ್‌ಕ್ಯಾಮ್ ತಂದು ಟಿವಿಯ ಕೆಳಅಂಚಿನ ನಡುವೆ ಇಡಿ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ಮೀರದಿರಲಿ.

ಕರೆಂಟಿನ ವಿಚಾರವನ್ನು ಯಾರೂ ಹೇಳುವುದಿಲ್ಲ, ಎಚ್‌ಡಿಎಂಐ ಪೋರ್ಟುಗಳು ಅದರಿಂದಲೂ ಸಾಯುತ್ತವೆ. ಟಿವಿಗೆ ಎರಡು ಪಿನ್ನಿನ ಪ್ಲಗ್ ಇದ್ದರೆ, ಇಲ್ಲವೇ ಮನೆಯ ಅರ್ಥಿಂಗ್ ಒಣಗಿದ್ದರೆ, ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಸೋರುವ ಕರೆಂಟಿನಿಂದ ಟಿವಿಯ ಲೋಹದ ಭಾಗ ನೂರು ವೋಲ್ಟಿನಷ್ಟು ಏರಿ ನಿಂತಿರಬಹುದು. ಮುಟ್ಟಿದರೆ ಜುಮ್ ಎನ್ನುವುದು ಅದೇ. ಟಿವಿ ಸರಿಯಿದ್ದರೆ ಆ ಕರೆಂಟ್ ತೀರ ಸಣ್ಣದು, ಸಾಮಾನ್ಯವಾಗಿ ಮನುಷ್ಯನಿಗೆ ಅಪಾಯವಿಲ್ಲ. ಆದರೆ ಎಚ್‌ಡಿಎಂಐ ಪಿನ್ನಿನ ಹಿಂದಿನ ಚಿಪ್ ಕೆಲಸ ಮಾಡುವುದು 5 ವೋಲ್ಟಿಗೂ ಒಳಗೆ. ಮೂರು ಪಿನ್ನಿನ ಲ್ಯಾಪ್‌ಟಾಪು ಆ ಕಡೆ, ಅರ್ಥ್ ಇಲ್ಲದ ಟಿವಿ ಈ ಕಡೆ ಇದ್ದು, ಎರಡೂ ಆನ್ ಇರುವಾಗ ಕೇಬಲ್ ಚುಚ್ಚಿದರೆ ಕಿಡಿ ಹಾರಿ ಪೋರ್ಟ್ ಹೋಗಬಹುದು. ಕಂಬದಿಂದ ಕಂಬಕ್ಕೆ ಬರುವ ಕೇಬಲ್ ಟಿವಿಯ ವೈರಿನ ಹೊರಕವಚ ಇನ್ನೊಂದು ವೋಲ್ಟೇಜನ್ನು ಹೊತ್ತು ತಂದಿರಬಹುದು. ಆದ್ದರಿಂದ ಎರಡನ್ನೂ ಆಫ್ ಮಾಡಿಯೇ ಜೋಡಿಸಿ, ಎರಡಕ್ಕೂ ಅರ್ಥ್ ಇರುವ ಒಂದೇ ಸ್ಪೈಕ್ ಗಾರ್ಡಿನಿಂದ ಕರೆಂಟ್ ಕೊಡಿ, ಎಚ್‌ಡಿಎಂಐ ಹಾಕುವ ಮುನ್ನ ಆ್ಯಂಟೆನಾ ವೈರ್ ಕಳಚಿ. ಹಳೆಯ ಮನೆಯಾದರೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಅಳತೆ ಮಾಡಿಸಿ. ಅಶ್ವಿನಿ, ಭರಣಿ ಮಳೆಯ ಗುಡುಗು ಶುರುವಾದಾಗ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್, ಕೇಬಲ್ ಟಿವಿ ವೈರ್, ರೂಟರಿನ ಲ್ಯಾನ್ ವೈರ್ ಮೂರನ್ನೂ ಎಳೆದಿಡಬೇಕು. ಮಿಂಚಿನ ಹೊಡೆತ ಈ ಮೂರರಲ್ಲಿ ಯಾವುದರಿಂದಲೂ ಬರಬಲ್ಲದು, ಮಿಂಚುತ್ತಿರುವಾಗಲೇ ಹೋಗಿ ಎಳೆಯಬಾರದು.

ಹೊಸ ಮನೆ ಕಟ್ಟಿಸುತ್ತಿದ್ದರೆ ಗಾರೆ ಹಚ್ಚುವ ಮುನ್ನ ಟಿವಿ ಜಾಗದಿಂದ ಮೇಜಿನ ಜಾಗಕ್ಕೆ ಒಂದು ಪೈಪ್ ಹಾಕಿಸಿ. ಕರೆಂಟ್ ವೈರಿನ 20 ಅಥವಾ 25 ಮಿಲಿಮೀಟರ್ ಪೈಪಿನಲ್ಲಿ ಎಚ್‌ಡಿಎಂಐ ಮೂತಿ ತೂರುವುದಿಲ್ಲ, ಮೂತಿಯ ಪ್ಲಾಸ್ಟಿಕ್ ಕವಚವೇ ಸುಮಾರು 20 ಮಿಲಿಮೀಟರ್ ಅಗಲ. 40ರ ಪೈಪ್ ಹಾಕಿ, ಮೂಲೆಯಲ್ಲಿ ಎಲ್ಬೋ ಬೇಡ, ಉದ್ದ ತಿರುವಿನ ಬೆಂಡ್ ಇರಲಿ, ಒಳಗೆ ಎಳೆಯಲು ನೈಲಾನ್ ದಾರ ಬಿಟ್ಟಿರಲಿ. ಕೇಬಲ್ ಯಾವತ್ತಾದರೂ ಬದಲಾಗುತ್ತದೆ, ಗೋಡೆ ಒಡೆಯುವಂತಾಗಬಾರದು.

ವೈರ್ ಬೇಡ ಎನ್ನುವವರಿಗೆ ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಗಾಳಿಯಲ್ಲೇ ಟಿವಿಗೆ ಚಿತ್ರ ಕಳಿಸುವ ದಾರಿ ಇದೆ. ಮದುವೆ ಫೋಟೊ ತೋರಿಸಲು ಅದು ಚೆನ್ನ. ಓದಲು ನಾನು ಸಲಹೆ ಮಾಡುವುದಿಲ್ಲ. ಪರದೆಯನ್ನು ವಿಡಿಯೊ ಆಗಿ ಸಂಕುಚಿಸಿ ಕಳಿಸುವುದರಿಂದ ಬಣ್ಣ ಸಾಮಾನ್ಯವಾಗಿ 4:2:0ಕ್ಕೆ ಇಳಿದೇ ಹೋಗುತ್ತದೆ, ಟಿವಿಯಲ್ಲಿ ಎಷ್ಟು ತಿದ್ದಿದರೂ ಅದು ಮರಳಿ ಬರುವುದಿಲ್ಲ. ವೈರ್‌ಲೆಸ್ ಕೀಬೋರ್ಡ್, ಮೌಸ್ ಮಾತ್ರ ಬೇಕೇ ಬೇಕು. ಅವುಗಳ ಪುಟ್ಟ ರಿಸೀವರನ್ನು ಕಂಪ್ಯೂಟರಿನ ಹಿಂದೆ, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನ ಪಕ್ಕ ಚುಚ್ಚಿದರೆ ಕೀ ಒತ್ತಿದ್ದು ಬಿಟ್ಟುಬಿಟ್ಟು ಹೋಗುತ್ತದೆ. ಯುಎಸ್‌ಬಿ 3 ಹೊರಸೂಸುವ ಗದ್ದಲ ಈ ರಿಸೀವರುಗಳ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲೇ ಬೀಳುತ್ತದೆ. ಅರ್ಧ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ರಿಸೀವರನ್ನು ಟಿವಿಯ ಮುಂದಕ್ಕೆ ತಂದಿಡಿ, ಸೋಫಾದಿಂದ ಕನ್ನಡ ಟೈಪ್ ಮಾಡಿದರೂ ಒಂದು ಒತ್ತೂ ತಪ್ಪುವುದಿಲ್ಲ.